ಎಚ್-ಇಂಡೆಕ್ಸ್ ಜಾಸ್ತಿ ಇದ್ದವರೇ ಒಳ್ಳೆಯ ಗೈಡಾ?

ಪ್ರಶ್ನೆ: ಜೀವವೈದ್ಯಕೀಯ ವಿಷಯದಲ್ಲಿ ಪಿಎಚ್‌ಡಿ ಮಾಡಬೇಕು ಅಂತಿದ್ದೇನೆ ಸರ್. ಇಬ್ಬರು ವಿಜ್ಞಾನಿಗಳ ಲ್ಯಾಬ್ ಮನಸ್ಸಿನಲ್ಲಿದೆ. ಗೂಗಲ್ ಸ್ಕಾಲರ್‌ನಲ್ಲಿ ಒಬ್ಬರ ಎಚ್-ಇಂಡೆಕ್ಸ್ 41, ಇನ್ನೊಬ್ಬರದು 15. ಮೊದಲನೆಯವರ ಪೇಪರ್‌ಗಳೂ ಜಾಸ್ತಿ. ಅವರ ಹತ್ತಿರ ಸೇರುವುದೇ ಸರಿ ಅಲ್ವಾ?

ಉತ್ತರ: ಇಷ್ಟನ್ನೇ ನೋಡಿ ಸೇರಬೇಡಿ. 41 ಅಂದರೆ ಅವರ 41 ಪೇಪರ್‌ಗಳಿಗೆ ತಲಾ ಕನಿಷ್ಠ 41 ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಉಲ್ಲೇಖ) ಬಂದಿದೆ ಅಂತ, ಅಷ್ಟೇ. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಈ ಲೆಕ್ಕ ಕೊಟ್ಟರು. ಬರೀ ಪೇಪರ್ ಎಣಿಸಿದರೆ ಯಾರೂ ಓದದವೂ ಸೇರಿಬಿಡುತ್ತವೆ, ಒಟ್ಟು ಸೈಟೇಶನ್ ಕೂಡಿಸಿದರೆ ಯಾವುದೋ ಒಂದೇ ಪೇಪರ್ ಇಡೀ ಮೊತ್ತವನ್ನು ಮೇಲೆತ್ತಿಬಿಡುತ್ತದೆ, ಅದಕ್ಕೇ ಇದು ಬೇಕಾಯಿತು. ಆದರೆ ಇದು ವಯಸ್ಸಿನ ಜೊತೆ ಏರುತ್ತದೆ. ಸಂಶೋಧನೆ ನಿಲ್ಲಿಸಿದವರ ಹಳೆಯ ಪೇಪರ್‌ಗಳಿಗೂ ಸೈಟೇಶನ್ ಬರುತ್ತಲೇ ಇರುತ್ತದೆ. ನಿಮ್ಮ ಎರಡನೆಯವರು ಲ್ಯಾಬ್ ಶುರುಮಾಡಿ ಕೆಲವೇ ವರ್ಷ ಆಗಿದ್ದರೆ 15 ಕಡಿಮೆಯೇನಲ್ಲ.

ಇನ್ನು ಹೆಸರು ಎಲ್ಲಿದೆ ನೋಡಿ. ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಪ್ರಯೋಗದ ಬಹುಪಾಲು ಕೆಲಸ ಮಾಡಿದವರದು, ಕೊನೆಯದು ಲ್ಯಾಬ್ ಮುಖ್ಯಸ್ಥರದು. ನಡುವೆ ಇರುವವರು ತುಂಬಾ ದುಡಿದಿರಬಹುದು, ಇಲ್ಲವೇ ಒಂದಿಷ್ಟು ಮಾದರಿ ಕಳಿಸಿ ಕೊಟ್ಟಿರಬಹುದು. ದೊಡ್ಡ ದೊಡ್ಡ ಜೀನೋಮ್ ಯೋಜನೆಗಳ ಪೇಪರ್‌ಗಳಲ್ಲಿ ನೂರಾರು ಹೆಸರು ಇರುತ್ತವೆ, ಅದಕ್ಕೆ ಬಂದ ಪ್ರತಿ ಸೈಟೇಶನ್ ಅಷ್ಟೂ ಜನರ ಪುಟಕ್ಕೆ ಪೂರ್ತಿಯಾಗಿಯೇ ಹೋಗುತ್ತದೆ. ಎಚ್-ಇಂಡೆಕ್ಸ್‌ಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಯಾಕೆ ಉಲ್ಲೇಖಿಸಿದ್ದಾರೆ ಅನ್ನುವುದು ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಸೈಟೇಶನ್ ಪಡೆದ ಪೇಪರ್‌ಗಳ ಸಾಲಿನಲ್ಲಿ ತುದಿಯಲ್ಲಿರುವುದು 1951ರ ಲೌರಿ ಮತ್ತು ಸಂಗಡಿಗರ ಪೇಪರ್. ಮೂರು ಲಕ್ಷಕ್ಕೂ ಮೀರಿ ಸೈಟೇಶನ್. ಅದು ಯಾವುದೋ ರೋಗಕ್ಕೆ ಮದ್ದು ಕಂಡುಹಿಡಿದ ಪೇಪರ್ ಅಲ್ಲ, ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ. ಎಲ್ಲ ಲ್ಯಾಬ್‌ಗೂ ಅದು ಬೇಕಾಯಿತು, ಎಲ್ಲರೂ ಬರೆದರು. 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂದ ವೇಕ್‌ಫೀಲ್ಡ್ ಪೇಪರ್ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯನ್ನು ಆಟಿಸಂ ಜೊತೆ ತಳುಕು ಹಾಕಿತು. 12 ಮಕ್ಕಳ ಮೇಲೆ ನಿಂತ ಆ ಪೇಪರನ್ನು 2010ರಲ್ಲಿ ಜರ್ನಲ್ ವಾಪಸ್ ತೆಗೆದುಕೊಂಡಿತು. ಅದಕ್ಕೂ ಸಾವಿರಕ್ಕಿಂತ ಹೆಚ್ಚು ಸೈಟೇಶನ್ ಇದೆ, ಬಹಳಷ್ಟು ಅದು ತಪ್ಪು ಅಂತ ಹೇಳಲಿಕ್ಕೇ ಬರೆದದ್ದು! ಎಣಿಕೆಯಲ್ಲಿ ಮಾತ್ರ ಹೊಗಳಿಕೆ, ತೆಗಳಿಕೆ ಎರಡೂ ಒಂದೇ.

ಇದರ ಇನ್ನೊಂದು ಮುಖ ವಿಜ್ಞಾನಿ ಕಾಟಲಿನ್ ಕಾರಿಕೋ. ಪ್ರೋಟೀನ್ ತಯಾರಿಸಲು ಜೀವಕೋಶಕ್ಕೆ ಸೂಚನೆ ಒಯ್ಯುವ ಎಂಆರ್‌ಎನ್‌ಎ ಅಣುವಿನ ಹಿಂದೆ ಬಿದ್ದಿದ್ದ ಅವರಿಗೆ ಅನುದಾನ ಸಿಗುತ್ತಿರಲಿಲ್ಲ, 1995ರಲ್ಲಿ ಕೆಳಗಿನ ಹುದ್ದೆಗೆ ಇಳಿಸಿದರು. ಡ್ರೂ ವೈಸ್‌ಮನ್ ಜೊತೆ 2005ರಲ್ಲಿ ಪ್ರಕಟಿಸಿದ ಮುಖ್ಯವಾದ ಪೇಪರ್ ಆಗ ಹೆಚ್ಚು ಸದ್ದು ಮಾಡಲಿಲ್ಲ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಿಗೆ ಅದೇ ಆಧಾರವಾಯಿತು, 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ನಡುವಿನ ವರ್ಷಗಳಲ್ಲಿ ಯಾರಾದರೂ ಸೈಟೇಶನ್ ನೋಡಿ ಗೈಡ್ ಹುಡುಕಿದ್ದರೆ ಅವರನ್ನು ದಾಟಿಕೊಂಡು ಹೋಗಿಬಿಡುತ್ತಿದ್ದರು. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ.

ನೀವು ಇಷ್ಟು ಮಾಡಿ. ಇಬ್ಬರದೂ ಕಳೆದ ಐದು ವರ್ಷದ ಪೇಪರ್ ತೆಗೆಯಿರಿ, ರಿವ್ಯೂ ಲೇಖನಗಳನ್ನು (ಬೇರೆಯವರ ಸಂಶೋಧನೆಗಳನ್ನು ಒಟ್ಟುಗೂಡಿಸಿ ಬರೆದವು) ಪಕ್ಕಕ್ಕಿಡಿ, ಯಾಕೆಂದರೆ ಅವಕ್ಕೆ ಸಾಮಾನ್ಯವಾಗಿ ಜಾಸ್ತಿ ಸೈಟೇಶನ್ ಬೀಳುತ್ತದೆ. ಉಳಿದವುಗಳಲ್ಲಿ ಮೊದಲ ಹೆಸರು ವಿದ್ಯಾರ್ಥಿಗಳದ್ದಾ ಅಂತ ನೋಡಿ. ಒಂದೆರಡು ಪೇಪರ್ ಪೂರ್ತಿ ಓದಿ. ಪ್ರಕಟವಾದ ಪೇಪರ್‌ಗಳ ಬಗ್ಗೆ ಓದುಗರು ಟಿಪ್ಪಣಿ ಬರೆಯುವ ಪಬ್‌ಪಿಯರ್ ಜಾಲತಾಣದಲ್ಲಿ ಚಿತ್ರಗಳ ಬಗ್ಗೆ ಆಕ್ಷೇಪ ಇದೆಯಾ ಅಂತಲೂ ಹುಡುಕಿ. ಆಮೇಲೆ ಆ ಲ್ಯಾಬಿನಲ್ಲಿ ಈಗ ಇರುವವರ ಹತ್ತಿರ, ಬಿಟ್ಟುಹೋದವರ ಹತ್ತಿರವೂ, ಮಾತಾಡಿ.

ಪ್ರಶ್ನೆ: ನನ್ನ ಪೇಪರ್ ಇಂಪ್ಯಾಕ್ಟ್ ಫ್ಯಾಕ್ಟರ್ 12 ಇರುವ ಜರ್ನಲ್‌ನಲ್ಲಿ ಬಂದಿದೆ. ಅಂದರೆ ಅದು 12ರಷ್ಟು ಮಟ್ಟದ್ದು ಅಂತ ಹೇಳಿಕೊಳ್ಳಬಹುದಾ?

ಉತ್ತರ: ಇಲ್ಲ. ಅದು ಜರ್ನಲ್‌ನ ಸರಾಸರಿ. ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಬಂದ ಸೈಟೇಶನ್‌ಗಳನ್ನು ಲೇಖನಗಳ ಸಂಖ್ಯೆಯಿಂದ ಭಾಗಿಸಿ ತೆಗೆಯುವ ಅಂಕಿ. ಕೆಲವೇ ಲೇಖನಗಳು ಬಹುಪಾಲು ತಂದುಕೊಡುತ್ತವೆ, ಹೆಚ್ಚಿನವು ಸರಾಸರಿಗಿಂತ ಕೆಳಗೇ ಇರುತ್ತವೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ವಿಜ್ಞಾನಿಗಳು, ಸಂಪಾದಕರು ಡೋರಾ ಎಂಬ ಘೋಷಣೆ ಹೊರಡಿಸಿದರು. ಜರ್ನಲ್‌ನ ಈ ಅಂಕಿಯಿಂದ ಒಬ್ಬ ವಿಜ್ಞಾನಿಯನ್ನು ಅಳೆಯಬೇಡಿ ಅನ್ನುವುದೇ ಅದರ ತಿರುಳು. ನಿಮ್ಮ ಪೇಪರ್‌ಗೆ ಎಷ್ಟು ಸೈಟೇಶನ್ ಬಂದಿದೆಯೋ ಅದನ್ನೇ ಬರೆಯಿರಿ, ಪೇಪರ್‌ನಲ್ಲಿ ಏನು ಕಂಡುಕೊಂಡಿರಿ ಅಂತ ಎರಡು ಸಾಲು ಸೇರಿಸಿ.

ಪ್ರಶ್ನೆ: ಸ್ಕೋಪಸ್ ಡೇಟಾಬೇಸ್‌ನಲ್ಲಿ ನನ್ನ ಸೈಟೇಶನ್ ಗೂಗಲ್ ಸ್ಕಾಲರ್‌ಗಿಂತ ಕಡಿಮೆ ತೋರಿಸುತ್ತಿದೆ. ಯಾವುದು ಸರಿ?

ಉತ್ತರ: ಎರಡೂ ಅವುಗಳ ಮಟ್ಟಿಗೆ ಸರಿ. ಸ್ಕೋಪಸ್ ಆರಿಸಿದ ಜರ್ನಲ್, ಪುಸ್ತಕ, ಸಮ್ಮೇಳನಗಳನ್ನು ಮಾತ್ರ ಎಣಿಸುತ್ತದೆ. ಗೂಗಲ್ ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ (ಜರ್ನಲ್ ಪರಿಶೀಲನೆಗೆ ಮೊದಲೇ ಹಾಕಿದ ಕರಡು) ಎಲ್ಲವನ್ನೂ ಹಿಡಿಯುತ್ತದೆ, ಕೆಲವೊಮ್ಮೆ ನಿಮ್ಮದೇ ಹೆಸರಿನ ಬೇರೆಯವರ ಪೇಪರನ್ನೂ ನಿಮ್ಮ ಪುಟಕ್ಕೆ ಸೇರಿಸಿಬಿಡುತ್ತದೆ. ಅಂಥವು ಇದ್ದರೆ ತೆಗೆದುಹಾಕಿ, ಸಂಶೋಧಕರನ್ನು ಹೆಸರಿನ ಗೊಂದಲವಿಲ್ಲದೆ ಗುರುತಿಸುವ ಒಂದು ಆರ್ಕಿಡ್ (ORCID) ಐಡಿ ಮಾಡಿಸಿಕೊಳ್ಳಿ. ಅರ್ಜಿಯಲ್ಲಿ ಅಂಕಿಯ ಪಕ್ಕದಲ್ಲಿ ಎಲ್ಲಿಂದ ತೆಗೆದದ್ದು, ಯಾವ ದಿನ ಅಂತ ಬರೆಯಿರಿ.