ವೈರಸ್ ಮಾತ್ರೆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತಾ?

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ ಎಚ್‌ಐವಿ ಇದೆ. ಎಆರ್‌ಟಿ ಸೆಂಟರ್‌ನಲ್ಲಿ ಕೊಡುವ ಜಿಡೋವುಡಿನ್ ಸೇರಿದ ಮಾತ್ರೆಯನ್ನು ಹಲವು ವರ್ಷಗಳಿಂದ ತಪ್ಪದೆ ತಗೊಳ್ತಿದ್ದಾನೆ. ಹೋದ ತಿಂಗಳು ಉರಿಮೂತ್ರ, ಚಳಿಜ್ವರ ಬಂತು. ಯೂರಿನ್ ಕಲ್ಚರ್‌ನಲ್ಲಿ ಇ. ಕೋಲಿ ಅಂತ ಬಂದು, ಡಾಕ್ಟರು ಆಂಟಿಬಯೋಟಿಕ್ ಬರೆದರು. ಬಿ.ಎಸ್ಸಿ. ಓದುತ್ತಿರುವ ನನ್ನ ಮಗಳು ‘ಜಿಡೋವುಡಿನ್ ಇ. ಕೋಲಿಯನ್ನೂ ಕೊಲ್ಲುತ್ತೆ’ ಅಂತಾಳೆ. ಹಾಗಿದ್ರೆ ಈ ಸೋಂಕು ಬಂದಿದ್ದು ಹೇಗೆ? ಇನ್ನೊಂದು ಮಾತ್ರೆ ಬೇಕಿತ್ತಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಆದರೂ ಆ ಆಂಟಿಬಯೋಟಿಕ್ ಬೇಕೇ ಬೇಕಿತ್ತು. ಕೋರ್ಸ್ ಇನ್ನೂ ನಡೆಯುತ್ತಿದ್ದರೆ ಡಾಕ್ಟರು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಲಿ.

ಜಿಡೋವುಡಿನ್ ಹುಟ್ಟಿದ್ದು 1964ರಲ್ಲಿ. ಅಮೆರಿಕದ ಜೆರೋಮ್ ಹಾರ್ವಿಟ್ಜ್ ಅದನ್ನು ಕ್ಯಾನ್ಸರ್‌ಗೆಂದು ತಯಾರಿಸಿದರು. ಕ್ಯಾನ್ಸರ್‌ಗೆ ಅದು ನಾಟಲಿಲ್ಲ, ಮೂಲೆ ಸೇರಿತು. 1987ರಲ್ಲಿ ಎಚ್‌ಐವಿಗೆ ಒಪ್ಪಿಗೆ ಸಿಕ್ಕ ಮೊದಲ ಔಷಧಿ ಅದೇ. ಅದು ಇ. ಕೋಲಿ, ಸಾಲ್ಮೊನೆಲ್ಲಾ, ಕ್ಲೆಬ್ಸಿಯೆಲ್ಲಾ ಜಾತಿಗಳನ್ನು ಕೊಲ್ಲುತ್ತದೆ ಎಂಬ ವರದಿ ಪ್ರಕಟವಾದದ್ದೂ ಅದೇ ವರ್ಷ.

ಕೊಲ್ಲುವ ರೀತಿ ನೋಡಿ. ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್ ಎಂಬ ವಸ್ತುವನ್ನು ಜಿಡೋವುಡಿನ್ ಹೋಲುತ್ತದೆ. ಇ. ಕೋಲಿಯಲ್ಲಿ ಥೈಮಿಡಿನ್ ಕೈನೇಸ್ ಎಂಬ ಕಿಣ್ವವಿದೆ. ಅದು ಈ ಔಷಧಿಯನ್ನು ಥೈಮಿಡಿನ್ ಎಂದೇ ತಿಳಿದು ಫಾಸ್ಫೇಟ್ ಅಂಟಿಸಿ ಮುಂದಕ್ಕೆ ಕಳಿಸುತ್ತದೆ. ಔಷಧಿ ಡಿಎನ್‌ಎಯೊಳಗೆ ಸೇರಿಕೊಳ್ಳುತ್ತದೆ. ಆದರೆ ಮುಂದಿನ ಕೊಂಡಿ ಸಿಕ್ಕಿಸಬೇಕಾದ ಜಾಗದಲ್ಲಿ ಅದಕ್ಕೆ ಬೇರೆ ಪರಮಾಣುಗಳ ಗುಂಪು ಕೂತಿರುತ್ತದೆ. ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಅಂದರೆ ಬ್ಯಾಕ್ಟೀರಿಯಾ ತನ್ನ ಕೈಯಾರೆ ವಿಷ ತಯಾರಿಸಿಕೊಳ್ಳುತ್ತದೆ.

ತೊಂದರೆ ಇರುವುದೂ ಅಲ್ಲೇ. ಈ ಕಿಣ್ವ ಇಲ್ಲದಿದ್ದರೂ ಇ. ಕೋಲಿ ಬದುಕಬಲ್ಲದು, ಥೈಮಿಡಿನ್ ದಾರಿಗೆ ಅದಕ್ಕೆ ಇನ್ನೊಂದು ಉಪಾಯವಿದೆ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಆ ಜೀನ್ ಕೆಟ್ಟಿರುತ್ತದೆ. ಔಷಧಿ ಅವನ್ನು ಮುಟ್ಟುವುದಿಲ್ಲ. ನಾನು ಮೆಡಿಕಲ್ ಕಾಲೇಜಿನ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಪಿಜಿ ವಿದ್ಯಾರ್ಥಿನಿಯೊಬ್ಬಳು ಇದನ್ನೇ ಪ್ಲೇಟ್ ಮೇಲೆ ತೋರಿಸಿದ್ದಳು. ಇ. ಕೋಲಿ ಹರಡಿದ ಪ್ಲೇಟ್, ನಡುವೆ ಜಿಡೋವುಡಿನ್ ಹಾಕಿದ ಬಿಳಿ ಡಿಸ್ಕ್. ಮರುದಿನ ಬೆಳಿಗ್ಗೆ ಡಿಸ್ಕ್ ಸುತ್ತ ಚೊಕ್ಕ ಉಂಗುರ, ಅಲ್ಲಿ ಒಂದೂ ಬೆಳೆದಿಲ್ಲ ಅನ್ನಿಸಿತು. ಬೆಳಕಿಗೆ ಎತ್ತಿ ಹಿಡಿದಾಗ ಆ ಉಂಗುರದೊಳಗೇ ಸಾಸಿವೆಗಿಂತ ಚಿಕ್ಕ ಚುಕ್ಕೆಗಳು ಕಂಡವು. ಅವೆಲ್ಲಾ ಔಷಧಿಯಿಂದ ತಪ್ಪಿಸಿಕೊಂಡ ಇ. ಕೋಲಿಗಳು. ಅವನ್ನು ಎತ್ತಿ ಹೊಸ ಪ್ಲೇಟ್‌ಗೆ ಹಾಕಿದರೆ ಡಿಸ್ಕ್ ಪಕ್ಕದವರೆಗೂ ಬೆಳೆದವು.

ನಿಮ್ಮ ತಮ್ಮನ ಮೈಯಲ್ಲೂ ಇಂಥದ್ದೇ ನಡೆದಿರಬಹುದು. ಇಷ್ಟು ವರ್ಷ ಔಷಧಿ ನೋಡಿದ ಕರುಳಿನಲ್ಲಿ ಅದಕ್ಕೆ ಬಗ್ಗದ ಇ. ಕೋಲಿ ಉಳಿದುಕೊಳ್ಳುವುದು ಸಹಜ ಅಲ್ವಾ? ಜೊತೆಗೆ ಈ ಔಷಧಿ ರಕ್ತದಲ್ಲಿ ಸುಮಾರು ಒಂದು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಮೂತ್ರಕ್ಕೆ ಬರುವುದರಲ್ಲಿ ಬಹುಪಾಲು ಲಿವರ್ ಬದಲಾಯಿಸಿ ಕಳಿಸಿದ ರೂಪ. ಸ್ಯೂಡೋಮೋನಾಸ್, ಸ್ಟ್ಯಾಫಿಲೋಕಾಕಸ್‌ನಂಥ ಬೇರೆ ಬ್ಯಾಕ್ಟೀರಿಯಾಗಳ ಬಗ್ಗೆಯಂತೂ ಕೇಳಲೇಬೇಡಿ, ಅವಕ್ಕೆ ಇದು ಲೆಕ್ಕಕ್ಕಿಲ್ಲ.

ಹಾಗಂತ ನಿಮ್ಮ ಮಗಳ ಕುತೂಹಲವನ್ನು ಸುಮ್ನೆ ತಳ್ಳಿಹಾಕಬೇಡಿ. ಏಡ್ಸ್ ರೋಗಿಗಳಲ್ಲಿ ಸಾಲ್ಮೊನೆಲ್ಲಾ ಸೋಂಕು ರಕ್ತದಲ್ಲಿ ಮತ್ತೆ ಮತ್ತೆ ಮರುಕಳಿಸುತ್ತಿತ್ತು. ಜಿಡೋವುಡಿನ್ ತೆಗೆದುಕೊಂಡವರಲ್ಲಿ ಅದು ಕಡಿಮೆಯಾದದ್ದನ್ನು 1990ರ ದಶಕದ ಆರಂಭದಲ್ಲೇ ಗಮನಿಸಿದ್ದರು. ಈಗ ಬೇರೆ ಔಷಧಿಗೆ ಬಗ್ಗದ ಇ. ಕೋಲಿ, ಕ್ಲೆಬ್ಸಿಯೆಲ್ಲಾಗಳ ಮೇಲೆ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಜೊತೆ ಜಿಡೋವುಡಿನ್ ಸೇರಿಸಿ ಪ್ರಯೋಗ ನಡೆದಿದೆ. ಇಲಿಗಳಲ್ಲಿ ಜೋಡಿ ಚೆನ್ನಾಗಿ ಕೆಲಸ ಮಾಡಿದೆ. ಕೊಲಿಸ್ಟಿನ್ ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು. ಅದರ ಡೋಸ್ ಇಳಿಸಲು ಸಾಧ್ಯವಾದರೆ ಐಸಿಯುನಲ್ಲಿ ಮಲಗಿದವರಿಗೆ ಅದೊಂದೇ ದೊಡ್ಡ ಸಹಾಯ. ಬ್ಯಾಕ್ಟೀರಿಯಾ ಇದಕ್ಕೂ ಬಗ್ಗದಂತಾಗದಿರಲಿ ಎಂದು ಕೋಳಿ, ಹಂದಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಮ್ಮ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಎಷ್ಟು ಒಳ್ಳೆಯ ಕೆಲಸ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇನ್ನೊಂದು ವಿಷಯ. ನಿಮ್ಮ ತಮ್ಮ ಜಿಡೋವುಡಿನ್ ತೆಗೆದುಕೊಳ್ಳುತ್ತಿರುವುದನ್ನು ಯಾವ ಡಾಕ್ಟರ ಹತ್ತಿರವೂ ಮುಚ್ಚಿಡಬೇಡಿ. ಅದು ರಕ್ತಹೀನತೆ ತರಬಹುದು. ಕೋಟ್ರೈಮಾಕ್ಸಜೋಲ್‌ನಂಥ ಆಂಟಿಬಯೋಟಿಕ್ ಮಾತ್ರೆ ಜೊತೆಗೆ ಸೇರಿದರೆ ರಕ್ತದ ಕಣಗಳು ಇನ್ನಷ್ಟು ಇಳಿಯಬಹುದು. ಹಿಮೋಗ್ಲೋಬಿನ್ ಪರೀಕ್ಷೆ ಆಗಾಗ ಮಾಡಿಸಿ. ಮಾತ್ರೆಯನ್ನು ತಾನಾಗಿ ನಿಲ್ಲಿಸುವುದು ಮಾತ್ರ ಬೇಡ.

ಪ್ರಶ್ನೆ: ನಮ್ಮ ಅತ್ತೆಗೆ ಸರ್ಪಸುತ್ತು ಆಗಿದೆ. ಅಸೈಕ್ಲೋವಿರ್ ಕೊಟ್ಟಿದ್ದಾರೆ. ಗುಳ್ಳೆ ಒಡೆದು ಕೀವಾದರೂ ಅದೇ ಸಾಕಾ?
– ಒಬ್ಬ ಓದುಗರು, ಹಾಸನ

ಉತ್ತರ: ಸಾಕಾಗುವುದಿಲ್ಲ. ಅಸೈಕ್ಲೋವಿರ್ ಕೂಡ ಮೇಲೆ ಹೇಳಿದ ಜಿಡೋವುಡಿನ್‌ನಂತೆ ಡಿಎನ್‌ಎ ಕಟ್ಟುವ ವಸ್ತುವನ್ನು ಹೋಲುವ ಬಳಗದ ಔಷಧಿ. ಆದರೆ ಅದನ್ನು ಚಾಲೂ ಮಾಡುವುದು ಸರ್ಪಸುತ್ತಿನ ವೈರಸ್ಸಿನದ್ದೇ ಕಿಣ್ವ. ಚರ್ಮದ ಕೀವಿಗೆ ಕಾರಣವಾಗುವ ಬ್ಯಾಕ್ಟೀರಿಯಾಗೆ ಅದು ಮದ್ದಲ್ಲ. ಕೀವು, ಸುತ್ತ ಕೆಂಪು, ಜ್ವರ ಕಂಡರೆ ಡಾಕ್ಟರಿಗೆ ತೋರಿಸಿ, ಬೇರೆ ಔಷಧಿ ಬೇಕಾಗಬಹುದು. ಗುಳ್ಳೆ ಕಣ್ಣಿನ ಹತ್ತಿರ ಅಥವಾ ಮೂಗಿನ ತುದಿಯಲ್ಲಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ.