ಸಂಪಾದಕರ ಉತ್ತರ: ಮಾಲ್ಟಾದ ಮತದಾರರು ಕುರುಡರಲ್ಲ

ಓದುಗರ ಪತ್ರ: "ನಾನು ಉಡುಪಿ ಕಡೆಯವಳು, ಮಾಲ್ಟಾ ದ್ವೀಪದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. 2022ರ ಚುನಾವಣೆಯ ಸಮಯದಲ್ಲಿ ನಮ್ಮ ಬಾಡಿಗೆ ಮನೆಯ ಒಡತಿ ತಮ್ಮ ಪಕ್ಷದ ಬಹಿರಂಗ ಸಭೆಗೆ ನನ್ನನ್ನೂ ಕರೆದೊಯ್ದರು. ಬಾವುಟ, ಹಾಡು, ನಾಯಕರು ವೇದಿಕೆ ಹತ್ತಿದಾಗ ಬಿಕ್ಕಿದ ಅಜ್ಜಿಯರು. ಮತದ ಹಕ್ಕೇ ಇಲ್ಲದ ನನಗೂ ಕಣ್ಣು ತುಂಬಿತು. ನೂರಕ್ಕೆ ಎಂಬತ್ತೈದು ಜನ ಮತ ಹಾಕಿದರೆ ಇಲ್ಲಿಯವರು ಕಡಿಮೆಯಾಯಿತೆಂದು ಕೊರಗುತ್ತಾರೆ. ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮನೆ ಬಿಟ್ಟು ಹೊರಡುವುದೇ ಇಲ್ಲ. ನೀವೋ, ಪಕ್ಷನಿಷ್ಠೆಯನ್ನು ಹಳಿಯುತ್ತಲೇ ಇರುತ್ತೀರಿ. ನಿಷ್ಠೆಯೂ ಭಾವನೆಯೂ ಇಲ್ಲದ ರಾಜಕೀಯ ಬರೀ ಜಮಾ-ಖರ್ಚಿನ ಪುಸ್ತಕವಲ್ಲವೇ?"

ಮಾನ್ಯ ಓದುಗರೇ,

ಸಂಪಾದಕನನ್ನು ಇಷ್ಟು ನೇರವಾಗಿ ತರಾಟೆಗೆ ತೆಗೆದುಕೊಳ್ಳುವ ಪತ್ರಗಳು ಈಚೆಗೆ ಅಪರೂಪವಾಗಿವೆ. ಬರುವವುಗಳಲ್ಲಿ ಬೈಗುಳ ಹೆಚ್ಚು, ವಾದ ಕಡಿಮೆ. ನಿಮ್ಮದರಲ್ಲಿ ವಾದವಿದೆ, ಕಣ್ಣಾರೆ ಕಂಡದ್ದರ ಕಸುವೂ ಇದೆ. ಅಷ್ಟಕ್ಕೇ ಒಪ್ಪಿ ತಲೆದೂಗುವ ಸ್ವಭಾವ ನನ್ನದಲ್ಲವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಮತದಾನ ಕಡ್ಡಾಯವಲ್ಲದ ದೇಶವೊಂದರಲ್ಲಿ 1971ರಿಂದ 2017ರವರೆಗಿನ ಪ್ರತಿಯೊಂದು ಸಾರ್ವತ್ರಿಕ ಚುನಾವಣೆಯಲ್ಲೂ ಶೇ. 92ಕ್ಕಿಂತ ಹೆಚ್ಚು ಜನ ಮತ ಹಾಕಿದ್ದು ಸಾಮಾನ್ಯ ಸಂಗತಿಯಲ್ಲ. ವಿದೇಶದಲ್ಲಿರುವವರು ಊರಿಗೆ ಬಂದು ಮತ ಹಾಕಲೆಂದು ಅಲ್ಲಿಯ ಸರ್ಕಾರ ವಿಮಾನದ ಟಿಕೇಟಿಗೆ ರಿಯಾಯಿತಿ ಕೊಡುತ್ತದೆ. 1987ರಿಂದೀಚೆಗೆ ಅಧಿಕಾರ ಕೈಬದಲಾದಾಗಲೆಲ್ಲ ಸೋತವರು ಸುಮ್ಮನೆ ಕೀಲಿಕೈ ಒಪ್ಪಿಸಿದ್ದಾರೆ. ಭಾವನೆಯ ಕಾವು ಇಲ್ಲದೆ ಇದೆಲ್ಲ ಆಗುತ್ತಿರಲಿಲ್ಲವೆಂದು ನೀವು ವಾದಿಸಿದರೆ ನಾನು ಅಡ್ಡಿಪಡಿಸುವುದಿಲ್ಲ. ಬೆಂಗಳೂರಿನ ಬಗ್ಗೆ ನೀವು ಚುಚ್ಚಿದ್ದೂ ಸರಿಯಾಗಿಯೇ ಇದೆ.

ಆದರೆ ಆ ತೊಂಬತ್ತೆರಡು ಹೇಗೆ ಬರುತ್ತದೆ ಎಂಬುದನ್ನು ಗಮನಿಸಿದ್ದೀರಾ? ಮತದಾನದ ಗುರುತಿನ ದಾಖಲೆಯನ್ನು ಪೊಲೀಸರು ಮನೆಬಾಗಿಲಿಗೆ ತಂದುಕೊಡುತ್ತಾರೆ. ಎಷ್ಟು ದಾಖಲೆಗಳು ವಿಲೇವಾರಿಯಾಗದೆ ಉಳಿದವು ಎಂಬುದೇ ಪತ್ರಿಕೆಗಳಿಗೆ ಸುದ್ದಿಯಾಗುತ್ತದೆ, ಪಕ್ಷಗಳಿಗೆ ಲೆಕ್ಕಾಚಾರವಾಗುತ್ತದೆ. ಮತಗಟ್ಟೆಯಲ್ಲಿ ಅಲ್ಲಿಯ ಎರಡು ಮುಖ್ಯ ಪಕ್ಷಗಳಾದ ಲೇಬರ್ ಮತ್ತು ನ್ಯಾಷನಲಿಸ್ಟ್ ಪಕ್ಷಗಳ ಏಜೆಂಟರು ಪಟ್ಟಿ ಹಿಡಿದು ಕೂತಿರುತ್ತಾರೆ, ಸಂಜೆಯಾದರೂ ಬಾರದವರ ಮನೆಗೆ ಫೋನು ಹೋಗುತ್ತದೆ. ಊರೂರಿನ ಚೌಕದಲ್ಲಿ ಎರಡೂ ಪಕ್ಷಗಳ ಕ್ಲಬ್ಬುಗಳಿವೆ. ಕಾಫಿ, ಬಿಯರು, ಹರಟೆ, ಕೆಲಸದ ಶಿಫಾರಸು ಎಲ್ಲಕ್ಕೂ ಅದೇ ಜಾಗ. ಇಡೀ ದೇಶ 316 ಚದರ ಕಿಲೋಮೀಟರು, ಅಂದರೆ ಬೆಂಗಳೂರು ನಗರದ ಅರ್ಧಕ್ಕಿಂತ ಕಡಿಮೆ. ಜನಸಂಖ್ಯೆ ಐದು ಲಕ್ಷ ಚಿಲ್ಲರೆ. ಇಂಥ ಕಡೆ ಅಭ್ಯರ್ಥಿ ಎಂದರೆ ಪೋಸ್ಟರಿನ ಮುಖವಲ್ಲ, ನಿಮ್ಮ ಅಡುಗೆಮನೆಗೆ ಬಂದು ಕೂತು ಮಗನ ನೌಕರಿಯ ವಿಷಯ ವಿಚಾರಿಸುವ ಮನುಷ್ಯ. ಅಲ್ಲಿ ನಿಷ್ಠೆ ಎನ್ನುವುದರಲ್ಲಿ ಹೃದಯದ ಪಾಲೆಷ್ಟು, ಹಂಗಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಈ ಜೋಡಿ ಬಣಗಳ ಚಾಳಿ ರಾಜಕೀಯಕ್ಕೆ ಮಾತ್ರ ಸೀಮಿತವೂ ಅಲ್ಲ. 1960ರ ದಶಕದ ಆರಂಭದಲ್ಲಿ ಅಲ್ಲಿಯ ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಜೆರೆಮಿ ಬೊಯ್ಸೆವೈನ್, ಒಂದೇ ಊರಿನ ಜನ ಇಬ್ಬರು ಸಂತರ ಹೆಸರಿನಲ್ಲಿ ಇಬ್ಭಾಗವಾಗಿ, ಎರಡು ಬ್ಯಾಂಡ್ ಕ್ಲಬ್ಬುಗಳನ್ನು ಕಟ್ಟಿಕೊಂಡು, ಯಾರ ಹಬ್ಬದ ಪಟಾಕಿ ಜೋರು ಎಂದು ಪೈಪೋಟಿ ನಡೆಸುವುದನ್ನು ವಿವರವಾಗಿ ದಾಖಲಿಸಿದ್ದಾರೆ. ಮೇಲಿನಕೇರಿ, ಕೆಳಗಿನಕೇರಿಯವರು ತೇರಿನ ಹಗ್ಗಕ್ಕಾಗಿ ಜಗಳವಾಡುವುದನ್ನು ಕಂಡಿರುವ ನಮಗೆ ಇದು ಹೊಸದೇನಲ್ಲ. ವ್ಯತ್ಯಾಸವೆಂದರೆ ತೇರು ವರ್ಷಕ್ಕೊಮ್ಮೆ ಎಳೆದು ಮುಗಿಯುತ್ತದೆ, ಪಕ್ಷದ ಕ್ಲಬ್ಬು ವರ್ಷವಿಡೀ ತೆರೆದಿರುತ್ತದೆ.

ನಿಮ್ಮ ಸಭೆಯ ಅಜ್ಜಿಯರ ಕಣ್ಣೀರನ್ನು ನಾನು ಗೇಲಿ ಮಾಡುತ್ತೇನೆಂದು ಭಾವಿಸಬೇಡಿ. ಆ ಅಜ್ಜಿಯರು ಲೇಬರ್ ಪಕ್ಷದ ಮನೆತನದವರಾಗಿದ್ದರೆ ಅವರಿಗೆ 1961ರಿಂದ 1969ರವರೆಗಿನ ವರ್ಷಗಳು ನೆನಪಿರಲೇಬೇಕು. ಆರ್ಚ್‌ಬಿಷಪ್ ಮೈಕೆಲ್ ಗೊಂಝಿ ಅವರ ಚರ್ಚು ಆ ಪಕ್ಷದ ಕಾರ್ಯಕಾರಿಣಿಗೆ ಬಹಿಷ್ಕಾರ ಹಾಕಿತ್ತು. ಪಕ್ಷದ ಪತ್ರಿಕೆ ಓದುವುದೇ ಘೋರ ಪಾಪವಾಗಿತ್ತು. ಪಕ್ಷದ ಉಪನಾಯಕರೂ ಸಾಹಿತಿಯೂ ಆಗಿದ್ದ ಜುಝೆ ಎಲ್ಲುಲ್ ಮೆರ್ಸರ್ 1961ರಲ್ಲಿ ತೀರಿಕೊಂಡಾಗ ಅವರನ್ನು ಪವಿತ್ರೀಕರಿಸದ ನೆಲದಲ್ಲಿ, ಜನ ಕಸದ ಗುಂಡಿಯೆಂದು ಕರೆಯುತ್ತಿದ್ದ ಜಾಗದಲ್ಲಿ ಮಣ್ಣು ಮಾಡಲಾಯಿತು. ಅಜ್ಜಿಯರು ನ್ಯಾಷನಲಿಸ್ಟ್ ಪಕ್ಷದವರಾಗಿದ್ದರೆ ಅವರ ಗಾಯಗಳು ಬೇರೆ. 1979ರ ಅಕ್ಟೋಬರ್ 15ರಂದು ಲೇಬರ್ ಬೆಂಬಲಿಗರ ಗುಂಪು ರಾಜಧಾನಿ ವಲ್ಲೆಟ್ಟಾದ ಟೈಮ್ಸ್ ಪತ್ರಿಕೆಯ ಕಟ್ಟಡಕ್ಕೆ ಬೆಂಕಿಯಿಟ್ಟಿತು, ವಿರೋಧ ಪಕ್ಷದ ನಾಯಕ ಎಡ್ಡಿ ಫೆನೆಕ್ ಅದಾಮಿ ಅವರ ಮನೆಗೆ ನುಗ್ಗಿತು. (ಪತ್ರಿಕೆ ಮರುದಿನವೂ ಹೊರಬಂತು ಎಂಬುದನ್ನು ಈ ವೃತ್ತಿಯವನಾಗಿ ಹೇಳದೆ ಇರಲಾರೆ.) 1981ರಲ್ಲಿ ನ್ಯಾಷನಲಿಸ್ಟರಿಗೆ ಶೇ. 50.9 ಮತ ಬಂದರೂ ಸ್ಥಾನ ಸಿಕ್ಕಿದ್ದು 31, ಲೇಬರಿಗೆ 34. ಲೇಬರ್ ನಾಯಕ ಡೊಮ್ ಮಿಂಟೋಫ್ ಅವರೇ ಪ್ರಧಾನಿಯಾಗಿ ಮುಂದುವರಿದರು. 1986ರ ಡಿಸೆಂಬರಿನಲ್ಲಿ ಗುದ್ಯಾ ಎಂಬ ಹಳ್ಳಿಯ ನ್ಯಾಷನಲಿಸ್ಟ್ ಪಕ್ಷದ ಕ್ಲಬ್ಬಿನೊಳಗಿದ್ದ ರೇಮಂಡ್ ಕರುವಾನಾ ಎಂಬ ಯುವಕ ಹೊರಗಿನಿಂದ ಹಾರಿದ ಗುಂಡಿಗೆ ಬಲಿಯಾದ. ಇಷ್ಟನ್ನು ಉಂಡವರು ಅತ್ತರೆ ಅದು ಅವರ ಹಕ್ಕು.

ನನ್ನ ತಕರಾರಿರುವುದು ಅಜ್ಜಿಯ ಬಗ್ಗೆ ಅಲ್ಲ, ಅವಳ ಪಕ್ಕದಲ್ಲಿ ಬಾವುಟ ಬೀಸುತ್ತ ನಿಂತಿದ್ದ ಮೊಮ್ಮಗನ ಬಗ್ಗೆ. 1979ರಲ್ಲಿ ಹುಟ್ಟಿಯೇ ಇರದ ಅವನಿಗೆ ಆ ಗಾಯವನ್ನು ಹಸಿಯಾಗಿ ದಾಟಿಸಿದವರು ಯಾರು? ಮನೆಯವರು ಸ್ವಲ್ಪಮಟ್ಟಿಗೆ, ಉಳಿದದ್ದು ಪಕ್ಷದ ಟಿವಿ. ಇಲ್ಲಿ ನನ್ನ ಹಳೆಯ ಹಟವೊಂದನ್ನು ಹೇಳಲೇಬೇಕಾಗಿದೆ: ಪತ್ರಿಕೆ ಮತ್ತು ವಾಹಿನಿಗಳು ಪಕ್ಷಗಳ ಆಸ್ತಿಯಾಗಿರುವ ಕಡೆ ಪ್ರಜೆ ಇರುವುದಿಲ್ಲ, ಅನುಯಾಯಿ ಇರುತ್ತಾನೆ. ಮಾಲ್ಟಾದಲ್ಲಿ 1991ರಲ್ಲಿ ಪ್ರಸಾರ ಕ್ಷೇತ್ರವನ್ನು ತೆರೆದಾಗ ಎರಡೂ ಪಕ್ಷಗಳು ರೇಡಿಯೋ ಕೇಂದ್ರಗಳನ್ನು ಸ್ಥಾಪಿಸಿದವು, ಅದೇ ದಶಕದಲ್ಲಿ ಟಿವಿ ವಾಹಿನಿಗಳನ್ನೂ ಹೂಡಿದವು; ಅವು ಇಂದಿಗೂ ಪಕ್ಷಗಳ ಸ್ವಂತದ್ದೇ. ಪ್ರಸಾರ ನಿಷ್ಪಕ್ಷಪಾತವಾಗಿರಬೇಕೆಂದು ಸಂವಿಧಾನವೇನೋ ಹೇಳುತ್ತದೆ. ಆದರೆ ಎಲ್ಲ ವಾಹಿನಿಗಳ ಕಾರ್ಯಕ್ರಮಗಳನ್ನು ಒಟ್ಟಾಗಿ ಪರಿಗಣಿಸಬಹುದೆಂದು ಕಾನೂನು ಅವಕಾಶ ಕೊಟ್ಟಿದ್ದರಿಂದ, ಈ ವಾಹಿನಿಯ ಪಕ್ಷಪಾತಕ್ಕೆ ಆ ವಾಹಿನಿಯ ಪಕ್ಷಪಾತ ವಜಾ ಎಂಬ ಲೆಕ್ಕ ಚಾಲ್ತಿಗೆ ಬಂತು. ಆದರೆ ಎರಡನ್ನೂ ನೋಡುವ ಮನೆ ಎಲ್ಲಿದೆ? ತಮಿಳುನಾಡಿನಲ್ಲಿ ಪಕ್ಷಕ್ಕೊಂದು ಟಿವಿ ಹುಟ್ಟಿದ್ದನ್ನು ನಾವು ಪಕ್ಕದಲ್ಲೇ ನಿಂತು ನೋಡಿದ್ದೇವೆ, ಆದ್ದರಿಂದ ಇದನ್ನು ನಿಮಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಏರ್ಪಾಡು ಏನೇನನ್ನು ನಂಬಿಸಬಲ್ಲದು ಎಂಬುದಕ್ಕೆ 2003ರ ಮಾರ್ಚ್ 8ನ್ನು ನೆನೆಯಬೇಕು. ಯುರೋಪಿಯನ್ ಒಕ್ಕೂಟಕ್ಕೆ ಸೇರುವ ಪ್ರಶ್ನೆಯ ಜನಮತಗಣನೆಯಲ್ಲಿ ಶೇ. 53.6 ಜನ ಸೇರೋಣ ಎಂದರು. ಲೇಬರ್ ನಾಯಕ ಆಲ್ಫ್ರೆಡ್ ಸಾಂಟ್, ಮತ ಹಾಕದವರನ್ನೂ ಮತ ಕೆಡಿಸಿದವರನ್ನೂ ಬೇಡವೆಂದವರ ಜೊತೆ ಕೂಡಿಸಿ, ನೋಂದಾಯಿತ ಮತದಾರರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಒಪ್ಪಿದ್ದಾರಾದ್ದರಿಂದ ಗೆಲುವು ನಮ್ಮದೇ ಎಂದು ಘೋಷಿಸಿದರು. ಅವರ ಬೆಂಬಲಿಗರು ಬೀದಿಗಿಳಿದು ಸಂಭ್ರಮಿಸಿದರು, ಗೆದ್ದವರೂ ಸಂಭ್ರಮಿಸಿದರು. ತಿಂಗಳೊಪ್ಪತ್ತಿನಲ್ಲಿ ಸಾರ್ವತ್ರಿಕ ಚುನಾವಣೆ ನಡೆದು ಸಾಂಟ್ ಸೋತರು. ಅದೇ ಪಕ್ಷದ ವಾಹಿನಿಯ ಪತ್ರಕರ್ತರಾಗಿ ಒಕ್ಕೂಟದ ವಿರುದ್ಧ ಪ್ರಚಾರ ನಡೆಸಿದ್ದ ಜೋಸೆಫ್ ಮಸ್ಕಟ್ ಮರುವರ್ಷವೇ ಯುರೋಪಿಯನ್ ಸಂಸತ್ತಿನ ಸದಸ್ಯರಾದರು, 2013ರಲ್ಲಿ ಪ್ರಧಾನಿಯೂ ಆದರು. ಅಭಿಪ್ರಾಯ ಬದಲಿಸುವುದು ತಪ್ಪಲ್ಲ. ನನಗೆ ಬೇಸರ ತರುವುದು, ಬೇಡವೆಂದು ಗಂಟಲು ಹರಿದುಕೊಂಡಿದ್ದ ಸಾವಿರಾರು ಜನರೂ ನಾಯಕರ ಜೊತೆಗೇ ತಿರುಗಿದ್ದು, ಏಕೆ ಎಂದು ಕೇಳದೆ ತಿರುಗಿದ್ದು.

ನಾಯಕನ ಮೇಲಿನ ಪ್ರೀತಿಯೇ ನಿಷ್ಠೆಯ ಬೇರು ಎನ್ನುವವರಿಗೆ 1998 ಒಳ್ಳೆಯ ಉತ್ತರ. ಆಗ ಪ್ರಧಾನಿಯಾಗಿದ್ದ ಸಾಂಟ್ ಅವರ ಲೇಬರ್ ಸರ್ಕಾರದ ಬಹುಮತ ಒಂದೇ ಸ್ಥಾನದ್ದು. ಎಂಬತ್ತು ದಾಟಿದ್ದ ಮಿಂಟೋಫ್, ತಾವು ಹುಟ್ಟಿ ಬೆಳೆದ ಕೊಟ್ಟೊನೆರಾ ಪ್ರದೇಶದ ಕಡಲ ದಂಡೆಯನ್ನು ಖಾಸಗಿ ಯೋಜನೆಗೆ ಕೊಡುವುದನ್ನು ವಿರೋಧಿಸಿ ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕಿದರು. ಸರ್ಕಾರ ಬಿತ್ತು, ಪಕ್ಷ ಸೋತಿತು. ದಶಕಗಳ ಕಾಲ ಮನೆಮನೆಯ ಗೋಡೆಯ ಮೇಲೆ ಪಟವಾಗಿದ್ದ ಮನುಷ್ಯ ಅದೇ ಜನರ ಬಾಯಲ್ಲಿ ದ್ರೋಹಿಯಾದರು. ಅವರು ಹೇಳುತ್ತಿರುವುದು ಸರಿಯೇ ಎಂದು ಕೇಳಿಸಿಕೊಳ್ಳುವ ವ್ಯವಧಾನ ಎಷ್ಟು ಜನರಿಗಿತ್ತು?

ಈಗ ನನಗೆ ಅತ್ಯಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. 2011ರ ಮೇ ತಿಂಗಳಲ್ಲಿ ವಿಚ್ಛೇದನವನ್ನು ಕಾನೂನುಬದ್ಧಗೊಳಿಸಬೇಕೇ ಎಂದು ಅಲ್ಲಿಯ ಜನರನ್ನು ಕೇಳಲಾಯಿತು. ಆಳುತ್ತಿದ್ದ ನ್ಯಾಷನಲಿಸ್ಟ್ ಪಕ್ಷ ವಿರೋಧ ವ್ಯಕ್ತಪಡಿಸಿತ್ತು, ಲೇಬರ್ ತನ್ನವರನ್ನು ಅವರವರ ಮನಸ್ಸಿಗೆ ಬಿಟ್ಟಿತ್ತು, ಚರ್ಚು ಬೇಡವೆಂದಿತ್ತು. ವಿಧೇಯಕ ತಂದವರೇ ಆಳುವ ಪಕ್ಷದ ಸದಸ್ಯರೊಬ್ಬರು. ಸುಮಾರು ಶೇ. 53 ಜನ ಬೇಕೆಂದರು. 2015ರ ಏಪ್ರಿಲಿನಲ್ಲಿ ವಸಂತಕಾಲದ ಹಕ್ಕಿ ಬೇಟೆ ಮುಂದುವರಿಯಬೇಕೇ ಎಂಬ ಪ್ರಶ್ನೆ ಬಂತು. ಪ್ರಧಾನಿ, ವಿರೋಧ ಪಕ್ಷದ ನಾಯಕ ಇಬ್ಬರೂ ಬೇಟೆಯ ಪರ ಮತ ಹಾಕುವುದಾಗಿ ಹೇಳಿಬಿಟ್ಟಿದ್ದರು. ಹಾಗಿದ್ದೂ ಫಲಿತಾಂಶ ಶೇ. 50.4ಕ್ಕೆ 49.6! ಅಂದರೆ ಮತ ಹಾಕಿದವರಲ್ಲಿ ಸರಿಸುಮಾರು ಅರ್ಧ ಜನ ಇಬ್ಬರು ನಾಯಕರ ಮಾತನ್ನೂ ಪಕ್ಕಕ್ಕಿಟ್ಟರು. ಈ ಎರಡು ಬಾರಿಯೂ ಮತದಾನದ ಪ್ರಮಾಣ ಶೇ. 70ರಿಂದ 75ರ ಆಸುಪಾಸಿಗೆ ಇಳಿದಿತ್ತು. ಪಕ್ಷದ ಫೋನು ಬಾರದೆ, ಬಾವುಟ ಕೈಗೆ ಸಿಗದೆ, ತಾವಾಗಿ ಯೋಚಿಸಿ ಹೊರಟು ಬಂದವರ ಈ ಎಪ್ಪತ್ತು ಚಿಲ್ಲರೆ ನನಗೆ ಆ ತೊಂಬತ್ತೆರಡಕ್ಕಿಂತ ದೊಡ್ಡ ಸಂಖ್ಯೆಯಾಗಿ ಕಾಣುತ್ತದೆ. ಆ ಜನ ಕುರುಡರಲ್ಲ. ಐದು ವರ್ಷಕ್ಕೊಮ್ಮೆ ಬೇಕೆಂದೇ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಅದೂ ಎಂಥ ಮತಪತ್ರ ಕೈಯಲ್ಲಿಟ್ಟುಕೊಂಡು! 1921ರಿಂದ ಅಲ್ಲಿ ಇರುವುದು ಪ್ರಾಶಸ್ತ್ಯ ಮತದ ಪದ್ಧತಿ. ನಮ್ಮ ರಾಜ್ಯಸಭೆಗೆ, ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೆ ಅಂಕಿ ಬರೆದು ಮತ ಹಾಕುತ್ತಾರಲ್ಲ, ಹಾಗೆ. ಹದಿಮೂರು ಕ್ಷೇತ್ರ, ಒಂದೊಂದರಲ್ಲಿ ಐದು ಸ್ಥಾನ. ಮತದಾರ ತನಗೆ ಮೆಚ್ಚುಗೆಯಾದವರಿಗೆ, ಅವರು ಯಾವ ಪಕ್ಷದವರೇ ಆಗಿರಲಿ, ಒಂದು, ಎರಡು, ಮೂರು ಎಂದು ಬರೆಯಬಹುದು. ಇದಕ್ಕಿಂತ ಹೆಚ್ಚಿನ ಸ್ವಾತಂತ್ರ್ಯವನ್ನು ಯಾವ ಚುನಾವಣಾ ಪದ್ಧತಿಯೂ ಕೊಡಲಾರದು. ಆದರೂ ಬಹುಪಾಲು ಮತದಾರರು ತಮ್ಮ ಪಕ್ಷದ ಹೆಸರುಗಳು ಮುಗಿದ ಕಡೆ ಪೆನ್ಸಿಲು ಕೆಳಗಿಡುತ್ತಾರೆ. 1962ರಲ್ಲಿ ಐದು ಪಕ್ಷಗಳಿದ್ದ ಸಂಸತ್ತಿನಲ್ಲಿ 1966ರಿಂದ ಎರಡೇ ಉಳಿದವು. 2017ರಲ್ಲಿ ಮೂರನೆಯದೊಂದು ಒಳಗೆ ಬಂದದ್ದೂ ನ್ಯಾಷನಲಿಸ್ಟರ ಪಟ್ಟಿಯ ಆಸರೆಯಲ್ಲಿ. ನಶ್ಶಾರ್ ಊರಿನ ಎಣಿಕೆ ಕೇಂದ್ರದಲ್ಲಿ ಪಾರದರ್ಶಕ ತಡೆಗೋಡೆಯ ಹಿಂದೆ ನಿಂತು, ಗೆಲುವು ಖಚಿತವಾದ ಕೂಡಲೇ ಆ ಗೋಡೆಯನ್ನು ಗುದ್ದಿ ಕುಣಿಯುವ ಕಾರ್ಯಕರ್ತರನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ.

ಇದರ ಬೆಲೆ ಏನು ಎಂದು ಕೇಳುವಿರಾದರೆ, 2017ರ ಅಕ್ಟೋಬರ್ 16ರಂದು ಕಾರಿನಲ್ಲಿಟ್ಟ ಬಾಂಬಿಗೆ ಬಲಿಯಾದ ಪತ್ರಕರ್ತೆ ಡ್ಯಾಫ್ನೆ ಕರುವಾನಾ ಗಲಿಝಿಯಾ ಅವರ ಹೆಸರು ಹೇಳುತ್ತೇನೆ. ಅವರ ಬರವಣಿಗೆ ಮೃದುವಾಗಿರಲಿಲ್ಲ, ಒಂದು ಪಕ್ಷದ ಮೇಲೆ ಅವರಿಗೆ ಸಿಟ್ಟು ಹೆಚ್ಚಿತ್ತು, ಸರಿ. ಆದರೆ ಕೊಲೆಯಾದ ಮೇಲೂ ಅವರು ಯಾವ ಬಣದವರು ಎಂಬುದೇ ಮೊದಲ ಪ್ರಶ್ನೆಯಾಗಬೇಕಿತ್ತೇ? ವಲ್ಲೆಟ್ಟಾದ ಸ್ಮಾರಕವೊಂದರ ಬುಡದಲ್ಲಿ ಜನ ಇಡುತ್ತಿದ್ದ ಹೂವು, ದೀಪಗಳನ್ನು ಸರ್ಕಾರದ ನೌಕರರು ಮತ್ತೆ ಮತ್ತೆ ತೆಗೆದುಹಾಕಿದರು. ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆಯೆಂದು 2020ರಲ್ಲಿ ನ್ಯಾಯಾಲಯ ಹೇಳಬೇಕಾಯಿತು. ಕೊಲೆಗಡುಕರಿಗೆ ಭಯವಿಲ್ಲದ ವಾತಾವರಣವನ್ನು ಸೃಷ್ಟಿಸಿದ ಹೊಣೆಯನ್ನು ಸರ್ಕಾರ ಹೊರಬೇಕೆಂದು 2021ರಲ್ಲಿ ಸಾರ್ವಜನಿಕ ವಿಚಾರಣಾ ಮಂಡಳಿ ವರದಿ ಕೊಟ್ಟಿತು. ಮರುವರ್ಷದ ಚುನಾವಣೆಯಲ್ಲಿ ಆಳುತ್ತಿದ್ದ ಅದೇ ಲೇಬರ್ ಪಕ್ಷ ಸುಮಾರು 39 ಸಾವಿರ ಮತಗಳ ಅಂತರದಿಂದ ಗೆದ್ದಿತು. ಗೆಲ್ಲಲು ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ನೀವು ಹೇಳುವ ಎಂಬತ್ತೈದು, ಸ್ವಾತಂತ್ರ್ಯ ಬಂದಂದಿನಿಂದ ಅತಿ ಕಡಿಮೆ ಎಂದು ಎಲ್ಲರೂ ಕೊರಗಿದ ಆ ಎಂಬತ್ತೈದು, ಅದೇ ಚುನಾವಣೆಯದು. ಮನೆಯಲ್ಲೇ ಉಳಿದವರಲ್ಲಿ ಕೆಲವರಾದರೂ ಎದುರು ಪಕ್ಷಕ್ಕೆ ಹಾಕಲು ಕೈ ಬಾರದೆ, ತಮ್ಮ ಪಕ್ಷಕ್ಕೆ ಹಾಕಲು ಮನಸ್ಸು ಬಾರದೆ ಕುಳಿತವರು ಎಂದು ನನ್ನ ಊಹೆ. ಅವರನ್ನು ಸೋಮಾರಿಗಳ ಪಟ್ಟಿಗೆ ಸೇರಿಸಬೇಡಿ.

ಭಾವನೆ ಇಲ್ಲದ ರಾಜಕೀಯ ಲೆಕ್ಕದ ಪುಸ್ತಕವಾಗುತ್ತದೆಂದು ಹೆದರುವ ನಿಮಗೆ ನಮ್ಮದೇ ಒಂದು ಚುನಾವಣೆಯನ್ನು ನೆನಪಿಸುತ್ತೇನೆ. 1984ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯ ದುಃಖದಲ್ಲಿ, ಕರ್ನಾಟಕದ ಜನ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟರು. ರಾಮಕೃಷ್ಣ ಹೆಗಡೆಯವರು ವಿಧಾನಸಭೆಯನ್ನು ವಿಸರ್ಜಿಸಿ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ದುಃಖಕ್ಕೆ ಒಂದು ಮತ, ಆಡಳಿತಕ್ಕೆ ಒಂದು ಮತ. ಅವರಿಗೆ ಭಾವನೆ ಇರಲಿಲ್ಲವೇ?

ಈಗ ಆ ಕಾಲ ಹೋಯಿತು. ಇಂದು ನಮ್ಮ ಕಚೇರಿಗೆ ಬರುವ ಪತ್ರಗಳನ್ನು ನೋಡಿದರೆ ಕ್ಲಬ್ಬುಗಳಿಲ್ಲದೆಯೇ ನಾವೂ ಮಾಲ್ಟಾ ಆಗುತ್ತಿದ್ದೇವೆ ಅನ್ನಿಸುತ್ತದೆ. ಒಂದೇ ಲೇಖನಕ್ಕೆ "ನೀವು ಅವರಿಗೆ ಮಾರಿಕೊಂಡಿದ್ದೀರಿ" ಎಂದು ಇವರು ಬರೆಯುತ್ತಾರೆ, ಇವರಿಗೆ ಮಾರಿಕೊಂಡಿದ್ದೀರೆಂದು ಅವರು ಬರೆಯುತ್ತಾರೆ. ಬರೆಯಲಿ, ಜಾಗವಿದ್ದರೆ ಎರಡನ್ನೂ ಅಚ್ಚು ಹಾಕುತ್ತೇನೆ. ನನ್ನನ್ನು ಕೆರಳಿಸುವವರು ಮೂರನೆಯ ಬಗೆಯವರು: ಲೇಖನದಲ್ಲಿ ತಪ್ಪೇನಿಲ್ಲ, ಆದರೆ ಚುನಾವಣೆಯ ಹೊತ್ತಿನಲ್ಲಿ ನಮ್ಮವರ ಬಗ್ಗೆ ಹೀಗೆ ಬರೆಯಬಾರದಿತ್ತು, ಆದ್ದರಿಂದ ಮುಂದಿನ ಸಂಚಿಕೆ ಕಳುಹಿಸಬೇಡಿ ಎನ್ನುವವರು. ನೀವು ಆ ಬಗೆಯವರಲ್ಲ. ಆಗಿದ್ದರೆ ಜಗಳವಾಡುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಆ ಬಗೆಯವರು ಇದನ್ನು ಓದುತ್ತಿದ್ದರೆ ಚಂದಾ ಸಂಖ್ಯೆಯನ್ನೂ ಬ್ಯಾಂಕ್ ಖಾತೆಯ ವಿವರವನ್ನೂ ಬರೆದು ಕಳುಹಿಸಲಿ, ಉಳಿದ ಹಣವನ್ನು ನಮ್ಮ ಲೆಕ್ಕಪತ್ರ ವಿಭಾಗದವರು ತಿಂಗಳೊಳಗೆ ಹಿಂದಿರುಗಿಸುತ್ತಾರೆ.

— ಸಂಪಾದಕ