ಡಾಲ್ಫಿನ್ ಜೊತೆ ಈಜು: ಟಿಕೆಟ್ ಕೊಳ್ಳುವ ಮುಂಚೆ

ಪ್ರಶ್ನೆ: ಮಗ-ಸೊಸೆ ಫ್ಲೋರಿಡಾದಲ್ಲಿದ್ದಾರೆ. ಬರುವ ಜೂನ್‌ನಲ್ಲಿ ಮಯಾಮಿಯಿಂದ ಹೊರಡುವ ಕ್ರೂಸ್‌ಗೆ ನಮ್ಮನ್ನೂ ಕರೆದೊಯ್ಯುತ್ತಾರಂತೆ. ಮೆಕ್ಸಿಕೊದ ಕೊಜುಮೆಲ್ ದ್ವೀಪದಲ್ಲಿ ಒಂದು ಹಗಲು ಇಳಿಯುತ್ತೇವೆ. ಅಲ್ಲಿ ಡಾಲ್ಫಿನ್ ಜೊತೆ ಈಜಲೇಬೇಕು ಅಂತ ಎಂಟು ವರ್ಷದ ಮೊಮ್ಮಗಳ ಹಟ. ನನಗೆ ಈಜು ಬರುವುದಿಲ್ಲ, ವಯಸ್ಸು 63. ಅಪಾಯವಿಲ್ಲವೇ? ಹೋಗಬಹುದೇ?
– ಒಬ್ಬ ಓದುಗರು, ಮೈಸೂರು

ಉತ್ತರ: ಈಜು ಬರದಿರುವುದು ಇಲ್ಲಿ ದೊಡ್ಡ ಅಡ್ಡಿಯೇನಲ್ಲ. ಪಟ್ಟಿಯಲ್ಲಿ ‘ಈಜು’ ಎಂದಿದ್ದರೂ ಕಡಿಮೆ ದರದ ಕಾರ್ಯಕ್ರಮದಲ್ಲಿ ಯಾರೂ ಈಜುವುದಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡು ಸೊಂಟದ ಮಟ್ಟದ ನೀರಿನಲ್ಲಿ ಸಾಲಾಗಿ ನಿಲ್ಲುತ್ತೀರಿ. ಡಾಲ್ಫಿನ್ ಒಬ್ಬೊಬ್ಬರ ಮುಂದೆ ಬಂದು ಮೈ ಸವರಿಸಿಕೊಂಡು, ಕೆನ್ನೆಗೆ ಮೂತಿ ತಾಗಿಸಿ ಹೋಗುತ್ತದೆ. ದುಬಾರಿಯದ್ದರಲ್ಲಿ ಆಳದ ನೀರಿಗೆ ಇಳಿಸುತ್ತಾರೆ. ಅಲ್ಲಿ ಬೆನ್ನಿನ ರೆಕ್ಕೆ ಹಿಡಿದುಕೊಂಡರೆ ಅದು ಎಳೆದೊಯ್ಯುತ್ತದೆ, ಇಲ್ಲವೇ ಎರಡು ಡಾಲ್ಫಿನ್‌ಗಳು ಅಂಗಾಲಿಗೆ ಮೂತಿಯೊತ್ತಿ ನಿಮ್ಮನ್ನು ಮುಂದಕ್ಕೆ ತಳ್ಳುತ್ತವೆ. ಬೆಳೆದ ಬಾಟಲ್‌ನೋಸ್ ಡಾಲ್ಫಿನ್ 200 ಕಿಲೊ ದಾಟುವುದು ಮಾಮೂಲು. ಬೇಕೆಂದೇ ಎರಗುವುದು ಅಪರೂಪ, ಆದರೆ ಕಚ್ಚಿದ, ಗುದ್ದಿದ ಪ್ರಕರಣಗಳು ಇಲ್ಲದಿಲ್ಲ. ಎಂಟು ವರ್ಷದ ಮಗುವಿಗೆ ಬಾಲದ ಒಂದು ಏಟು ಸಾಕು.

‘ಹೋಗಬಹುದೇ’ ಎಂದರೆ ‘ಬೇಡ’ ಅಂತಲೇ ನನ್ನ ಉತ್ತರ, ಆದರೆ ಮುಖ್ಯ ಕಾರಣ ಈ ಅಪಾಯವಲ್ಲ.

ಎಲ್ಲಾದರೂ ಇದರ ವಿಡಿಯೊ ಸಿಕ್ಕರೆ ಪ್ರವಾಸಿಗರನ್ನು ಬಿಟ್ಟು ತರಬೇತುದಾರನ ಕೈ ನೋಡಿ. ಅವನ ಪಕ್ಕದಲ್ಲೇ ಮೀನಿನ ಬಕೆಟ್ ಇರುತ್ತದೆ. ಕೈಸನ್ನೆಯಾಯಿತು, ಕೆನ್ನೆಗೆ ಮುತ್ತು ಬಿತ್ತು, ಸೀಟಿ ಊದಿದ. ಅಷ್ಟರಲ್ಲಿ ಡಾಲ್ಫಿನ್ ಬಕೆಟ್‌ನತ್ತ ತಿರುಗಿ ಬಾಯಿ ತೆರೆದಿರುತ್ತದೆ. ಪ್ರವಾಸಿಗರು ಇನ್ನೂ ನಗುತ್ತಲೇ ಇರುತ್ತಾರೆ. ಡಾಲ್ಫಿನ್ ಕೂಡ ನಗುತ್ತಿದೆ ಅನ್ನಿಸುತ್ತದಲ್ಲ, ಅದು ದವಡೆಯ ಆಕಾರ ಅಷ್ಟೆ. ಕಾಯಿಲೆ ಬಿದ್ದರೂ ಸತ್ತರೂ ಅದರ ಮುಖ ಹಾಗೇ ಇರುತ್ತದೆ. ಕಡಲಲ್ಲಿ ದಿನಕ್ಕೆ ಹತ್ತಾರು ಕಿಲೊಮೀಟರ್ ತಿರುಗುವ, ತನ್ನ ಸದ್ದಿನ ಪ್ರತಿಧ್ವನಿಯಿಂದಲೇ ಬೇಟೆ ಪತ್ತೆ ಹಚ್ಚುವ ಪ್ರಾಣಿ, ಬೇಲಿ ಹಾಕಿದ ಕೊಳದೊಳಗೆ ಒಂದು ಹಡಗಿನ ಜನ ಮುಗಿದರೆ ಇನ್ನೊಂದು ಹಡಗಿನ ಜನರಿಗೆ ಮುತ್ತು ಕೊಡುತ್ತಿರುತ್ತದೆ.

ಭಾರತದಲ್ಲಿ ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅನುಮತಿ ಕೊಡಬಾರದೆಂದು ಕೇಂದ್ರ ಸರ್ಕಾರ 2013ರಲ್ಲೇ ರಾಜ್ಯಗಳಿಗೆ ಸೂಚಿಸಿತು. ಡಾಲ್ಫಿನ್ ಮೋಜಿನ ದೊಡ್ಡ ಪೇಟೆಯಾದ ಮೆಕ್ಸಿಕೊ ಕೂಡ 2025ರಲ್ಲಿ ಕಡಲ ಸಸ್ತನಿಗಳನ್ನು ಮನರಂಜನೆಗೆ ಬಳಸುವುದರ ವಿರುದ್ಧ ಕಾನೂನು ಮಾಡಿದೆ. ಆದ್ದರಿಂದ ಯಾವುದೋ ಹಳೆಯ ಜಾಹೀರಾತು ನಂಬಿ ದುಡ್ಡು ಕಟ್ಟಬೇಡಿ. ಬಹಾಮಾಸ್‌ನಂಥ ಕಡೆ ಈ ವ್ಯಾಪಾರ ನಡೆದೇ ಇದೆ, ಅಲ್ಲಿಗೂ ನನ್ನ ಮಾತು ಇದೇ.

ಮೊಮ್ಮಗಳಿಗೆ ಏನು ಹೇಳುವುದು? ಕೊಜುಮೆಲ್‌ನ ಆಸ್ತಿಯೇ ಹವಳದ ದಿಬ್ಬಗಳು. ಅವಳು ಅಪ್ಪನ ಜೊತೆ ಸ್ನಾರ್ಕೆಲ್ (ಮುಖ ನೀರಿನಲ್ಲಿದ್ದಾಗ ಉಸಿರಾಡುವ ಕೊಳವೆ) ಕಟ್ಟಿಕೊಂಡು ತೇಲಲಿ, ನೀವು ಗಾಜಿನ ತಳದ ದೋಣಿಯಲ್ಲಿ ಕೂತು ಮೀನು ನೋಡಿ. ದ್ವೀಪದ ದಕ್ಷಿಣ ತುದಿಯ ಪುಂಟಾ ಸುರ್‌ನಲ್ಲಿ ದೀಪಸ್ತಂಭವಿದೆ, ಮೊಸಳೆಗಳೂ ಇವೆ. ಎಂಟು ವರ್ಷದವರಿಗೆ ಮೊಸಳೆ ಎಂದರೆ ಡಾಲ್ಫಿನ್ ಮರೆತುಹೋಗುತ್ತದೆ!

ಎಲ್ಲಿಗೇ ಹೋಗಿ, ಗಡಿಯಾರದ ಮೇಲೆ ಕಣ್ಣಿರಲಿ. ಮಯಾಮಿಯಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಕೊಜುಮೆಲ್‌ನಲ್ಲಿ ಆ ಪದ್ಧತಿ ಇಲ್ಲ. ಜೂನ್‌ನಲ್ಲಿ ಮಯಾಮಿಯಲ್ಲಿ ನಾಲ್ಕು ಗಂಟೆಯಾದಾಗ ಅಲ್ಲಿ ಮೂರು. ಹಡಗು ಮಯಾಮಿ ಸಮಯವನ್ನೇ ಇಟ್ಟುಕೊಂಡರೆ, ನಿಮ್ಮ ಮೊಬೈಲ್ ತಾನಾಗಿ ಒಂದು ಗಂಟೆ ಹಿಂದಕ್ಕೆ ಹೋಗಿ ಮೋಸ ಮಾಡುತ್ತದೆ. ಹಡಗಿನವರ ಮೂಲಕವೇ ಬುಕ್ ಮಾಡಿದ ಪ್ರವಾಸ ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ, ನೀವೇ ಹೊರಗೆ ಟ್ಯಾಕ್ಸಿ ಹಿಡಿದು ಹೋಗಿದ್ದರೆ ಕಾಯುವುದಿಲ್ಲ. ನಿಮ್ಮ ಅಮೆರಿಕ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶ ಕೊಡುವಂಥದ್ದೇ ಎಂಬುದನ್ನೂ ನೋಡಿಕೊಳ್ಳಿ, ವಾಪಸ್ ಬರಬೇಕಲ್ಲ.

ಪ್ರಶ್ನೆ: ನಾವು ಮೆಲ್ಬರ್ನ್‌ನಿಂದ ನ್ಯೂಜಿಲೆಂಡ್ ಕ್ರೂಸ್‌ಗೆ ಹೊರಟಿದ್ದೇವೆ. ಆಕಾರೋವಾದಲ್ಲಿ ಕಡಲಲ್ಲಿ ಸ್ವತಂತ್ರವಾಗಿರುವ ಡಾಲ್ಫಿನ್ ಜೊತೆ ಈಜಿಸುತ್ತಾರಂತೆ. ಇದಾದರೂ ಸರಿಯೇ?

ಉತ್ತರ: ಇದು ಎಷ್ಟೋ ವಾಸಿ. ಅಲ್ಲಿರುವುದು ಹೆಕ್ಟರ್ಸ್ ಡಾಲ್ಫಿನ್. ನ್ಯೂಜಿಲೆಂಡ್ ಬಿಟ್ಟರೆ ಬೇರೆಲ್ಲೂ ಇಲ್ಲ; ಉದ್ದ ಸುಮಾರು ಒಂದೂವರೆ ಮೀಟರ್, ಬೆನ್ನಿನ ರೆಕ್ಕೆ ದುಂಡಗೆ. ಸರ್ಕಾರದ ಪರವಾನಗಿ ಇರುವ ದೋಣಿಯವರು ಮಾತ್ರ ಈಜಿಸಬಹುದು. ಮೀನು ಹಾಕುವಂತಿಲ್ಲ, ಮುಟ್ಟುವಂತಿಲ್ಲ, ಗುಂಪಿನಲ್ಲಿ ಮರಿಯಿದ್ದರೆ ನೀರಿಗೆ ಇಳಿಯುವಂತಿಲ್ಲ. ಬೇಕಿದ್ದರೆ ಅವು ಹತ್ತಿರ ಬರುತ್ತವೆ, ಬೇಡವಾದರೆ ತಮ್ಮ ಪಾಡಿಗೆ ಹೋಗುತ್ತವೆ. ಇಷ್ಟಾದರೂ ದಿನವಿಡೀ ದೋಣಿಗಳು ಹಿಂದೆ ಬಿದ್ದರೆ ಅವುಗಳ ವಿಶ್ರಾಂತಿ ಕೆಡುತ್ತದೆ. ದೋಣಿಯಿಂದಲೇ ನೋಡಿ ಬರುವುದು ಇನ್ನೂ ಒಳ್ಳೆಯದು.

ನೀರಿಗಿಳಿಯುವುದೇ ಆದರೆ ಚಳಿ ತಡೆಯುವ ದಪ್ಪ ವೆಟ್‌ಸೂಟ್ ಕೊಡುತ್ತಾರೆ, ಹಾಕಿಕೊಳ್ಳುವುದೇ ಒಂದು ಸಾಹಸ. ಹಡಗು ಲಿಟಲ್‌ಟನ್ ಬಂದರಿನಲ್ಲಿ ನಿಲ್ಲುವುದಾದರೆ ಆಕಾರೋವಾಗೆ ಗುಡ್ಡದ ದಾರಿಯಲ್ಲಿ ಬಸ್ ಪ್ರಯಾಣವಿದೆ, ಹೋಗಿಬರುವ ಹೊತ್ತು ಲೆಕ್ಕ ಹಾಕಿಕೊಳ್ಳಿ. ಡಾಲ್ಫಿನ್ ಕಾಣದಿದ್ದರೆ, ಅಲೆ ಜೋರಾಗಿ ಈಜು ರದ್ದಾದರೆ ಎಷ್ಟು ಹಣ ವಾಪಸ್ ಬರುತ್ತದೆ ಎಂದು ಬುಕ್ ಮಾಡುವಾಗಲೇ ಕೇಳಿ.